ರಾತ್ರಿ ಏನೂ ತಿಂದಿಲ್ಲ, ಬೆಳಗ್ಗೆ ಶುಗರ್ ಎಲ್ಲಿಂದ ಬಂತು?

ಶಿವಮೊಗ್ಗದ ಯಾವ ಲ್ಯಾಬಿಗೆ ಬೇಕಾದರೂ ಬೆಳಗ್ಗೆ ಏಳು ಗಂಟೆಗೆ ಹೋಗಿ ನೋಡಿ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಬೆಂಚಿನ ತುಂಬ ಕೂತಿರುತ್ತಾರೆ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಮೊದಲ ಬಸ್ಸು ಹಿಡಿದು ಬಂದವರೂ ಇರುತ್ತಾರೆ. ರಿಪೋರ್ಟ್ ಕೈಗೆ ಸಿಕ್ಕ ಮೇಲೆ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ. "ರಾತ್ರಿ ಎಂಟು ಗಂಟೆಗೆ ಎರಡೇ ರೊಟ್ಟಿ ತಿಂದಿದ್ದು. ಆಮೇಲೆ ನೀರು ಬಿಟ್ಟು ಏನೂ ಮುಟ್ಟಿಲ್ಲ. ಆದ್ರೂ 168 ಬಂದಿದೆ. ಈ ಮಿಷನ್ನೇ ಸರಿಯಿಲ್ಲ ಕಣ್ರೀ."

ಮಿಷನ್ ಸರಿಯಾಗೇ ಇರುತ್ತದೆ. ಆ 168ರಲ್ಲಿ ರೊಟ್ಟಿಯ ಪಾಲು ತೀರಾ ಕಡಿಮೆ. ಬಹುಪಾಲು ಸಕ್ಕರೆಯನ್ನು ರಾತ್ರಿಯಿಡೀ ರಕ್ತಕ್ಕೆ ಬಿಟ್ಟಿದ್ದು ಅವರದೇ ಲಿವರ್. ಸಕ್ಕರೆ ಕಾಯಿಲೆ ಅಂದರೆ ತಿಂದದ್ದು ಜಾಸ್ತಿಯಾಗಿದ್ದು, ಇನ್ಸುಲಿನ್ ಕಡಿಮೆಯಾಗಿದ್ದು ಅಂತಷ್ಟೇ ನಾವು ಕೇಳಿಕೊಂಡು ಬಂದಿದ್ದೇವೆ. ಅದು ಅರ್ಧ ಕಥೆ. ಉಳಿದರ್ಧದಲ್ಲಿ ಲಿವರ್ ಇದೆ, ಜೊತೆಗೆ ಗ್ಲುಕಗಾನ್ ಅನ್ನುವ ಇನ್ನೊಂದು ಹಾರ್ಮೋನ್ ಇದೆ. ಅದರ ಹೆಸರನ್ನು ಹತ್ತು ವರ್ಷದಿಂದ ಶುಗರ್ ಮಾತ್ರೆ ನುಂಗುತ್ತಿರುವವರೂ ಕೇಳಿರುವುದಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಶುಗರ್ 100 ಅಂದರೆ ಒಂದು ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರಿಗೆ, 100 ಮಿಲಿಗ್ರಾಂ ಗ್ಲುಕೋಸ್. ಒಟ್ಟು ಎಷ್ಟಾಯಿತು? 5 ಗ್ರಾಂ. ಒಂದು ಟೀ ಚಮಚ! ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಓಡಾಡುತ್ತಿರುವ ಸಕ್ಕರೆ ಅಷ್ಟೇ.

ಈಗ ಮಧ್ಯಾಹ್ನ 200 ಗ್ರಾಂ ಅನ್ನ ಉಂಡಿರಿ ಅಂತ ಇಟ್ಟುಕೊಳ್ಳಿ. ಮಲೆನಾಡಿನ ಊಟದಲ್ಲಿ ಅದೇನು ದೊಡ್ಡ ಪ್ರಮಾಣ ಅಲ್ಲ, ಸಾರಿಗೆ ಒಂದು ಸಲ, ಮಜ್ಜಿಗೆಗೆ ಒಂದು ಸಲ ಬಡಿಸಿಕೊಂಡರೆ ಮುಗಿಯಿತು. ಅದರಲ್ಲಿ 55 ಗ್ರಾಂ ಹತ್ತಿರ ಪಿಷ್ಟ ಇರುತ್ತದೆ. ಅದೆಲ್ಲ ಗ್ಲುಕೋಸ್ ಆಗಿ ಎರಡು ಮೂರು ಗಂಟೆಯೊಳಗೆ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಇದ್ದದ್ದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ. ಆದರೂ ಆರೋಗ್ಯವಂತರ ಶುಗರ್ ಸಾಮಾನ್ಯವಾಗಿ 140ರ ಆಸುಪಾಸಿಗೆ ಹೋಗಿ ಸುಮ್ನೆ ಕೆಳಗಿಳಿಯುತ್ತದೆ. ಇದರ ಉಲ್ಟಾನೂ ನೋಡಿ. ಮೆದುಳು ಒಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲುಕೋಸ್ ಬೇಕು. ಗಂಟೆಗೆ 5 ಗ್ರಾಂ. ರಕ್ತದಲ್ಲಿ ಇರುವ ಒಂದು ಚಮಚ ಮೆದುಳಿಗೆ ಒಂದು ಗಂಟೆಗೆ ಸಾಲುತ್ತದೆ, ಅಷ್ಟೇ. ಹಾಗಿದ್ದೂ ರಾತ್ರಿ ಎಂಟು ಗಂಟೆ ಮಲಗಿ ಎದ್ದರೆ ನಾವು ಬದುಕಿರುತ್ತೇವೆ, ಶುಗರ್ 85–90ರಲ್ಲಿ ಇರುತ್ತದೆ. ಯಾರೋ ಹಗಲಲ್ಲಿ ತೆಗೆದಿಡುತ್ತಿದ್ದಾರೆ, ರಾತ್ರಿ ಕೊಡುತ್ತಿದ್ದಾರೆ ಅಂತಾಯಿತು.

ಮಳೆಗಾಲ ಹಿಡಿಯುವ ಮುಂಚೆ ನಮ್ಮ ಕಡೆಯ ಮನೆಗಳಲ್ಲಿ ಅಟ್ಟ ತುಂಬಿಸುತ್ತಾರಲ್ಲ, ಅಕ್ಕಿ, ಹಪ್ಪಳ, ಸಂಡಿಗೆ, ಒಣಗಿಸಿದ ಹುಳಿ ಅಂತ? ದೇಹಕ್ಕೆ ಲಿವರೇ ಆ ಅಟ್ಟ. ಊಟವಾದಾಗ ಹೆಚ್ಚಾದ ಗ್ಲುಕೋಸನ್ನು ಅದು ಸರ ಪೋಣಿಸಿದ ಹಾಗೆ ಜೋಡಿಸಿ ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುತ್ತದೆ, ಸುಮಾರು 100 ಗ್ರಾಂ. ಸ್ನಾಯುಗಳಲ್ಲೂ ಇದರ ಮೂರು ನಾಲ್ಕು ಪಟ್ಟು ದಾಸ್ತಾನು ಇರುತ್ತದೆ. ಆದರೆ ಸ್ನಾಯುಗಳು ತಮ್ಮದನ್ನು ತಾವೇ ಖರ್ಚು ಮಾಡಿಕೊಳ್ಳುತ್ತವೆ, ರಕ್ತಕ್ಕೆ ವಾಪಸ್ ಕೊಡುವುದಿಲ್ಲ. ಊರಿಗೆಲ್ಲ ಹಂಚುವುದು ಲಿವರ್ ಮಾತ್ರ. ಅಟ್ಟದ ದಾಸ್ತಾನು ಇಳಿಯುತ್ತಾ ಬಂದರೆ ಅದು ಹೊಸದಾಗಿ ಸಕ್ಕರೆ ತಯಾರಿಸುವುದನ್ನೂ ಬಲ್ಲದು. ಸ್ನಾಯುಗಳಿಂದ ಬರುವ ಲ್ಯಾಕ್ಟೇಟ್, ಪ್ರೋಟೀನಿನ ತುಣುಕುಗಳು, ಕೊಬ್ಬು ಒಡೆದಾಗ ಸಿಗುವ ಗ್ಲಿಸರಾಲ್, ಇವೆಲ್ಲ ಅದಕ್ಕೆ ಕಚ್ಚಾ ಸಾಮಾನು.

ಅಟ್ಟಕ್ಕೆ ಹಾಕು, ಅಟ್ಟದಿಂದ ಇಳಿಸು ಅಂತ ಹೇಳುವವರು ಯಾರು? ಅದು ಮೇದೋಜೀರಕ ಗ್ರಂಥಿಯ ಕೆಲಸ. ಡಾಕ್ಟರುಗಳ ಬಾಯಲ್ಲಿ ಪ್ಯಾಂಕ್ರಿಯಾಸ್. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ, 100 ಗ್ರಾಂ ಕೂಡ ತೂಗದ ಅಂಗ. ಇದರ ಬಹುಭಾಗ ದುಡಿಯುವುದು ಊಟ ಜೀರ್ಣ ಮಾಡುವ ರಸ ಸುರಿಸಲಿಕ್ಕೆ. ಆ ಭಾಗದ ಮಧ್ಯೆ ಅಲ್ಲಲ್ಲಿ ಬೇರೆ ಥರದ ಜೀವಕೋಶಗಳ ಪುಟ್ಟ ಗುಂಪುಗಳಿವೆ. 1869ರಲ್ಲಿ ಬರ್ಲಿನ್‌ನಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಸೂಕ್ಷ್ಮದರ್ಶಕದಲ್ಲಿ ಇವನ್ನು ಕಂಡು ಬರೆದಿಟ್ಟ. ಏನು ಕೆಲಸ ಮಾಡುತ್ತವೆ ಅಂತ ಅವನಿಗೆ ಗೊತ್ತಾಗಲಿಲ್ಲ. ಈಗಲೂ ಅವಕ್ಕೆ ಅವನ ಹೆಸರೇ: ಲ್ಯಾಂಗರ್‌ಹಾನ್ಸ್ ದ್ವೀಪಗಳು. ಹತ್ತು ಲಕ್ಷದಷ್ಟು ದ್ವೀಪಗಳಿದ್ದರೂ ಎಲ್ಲ ಸೇರಿ ಗ್ರಂಥಿಯ ತೂಕದಲ್ಲಿ ಶೇ. 1–2 ಅಷ್ಟೇ.

ಪ್ರತಿ ದ್ವೀಪದಲ್ಲೂ ಮುಖ್ಯವಾಗಿ ಎರಡು ಬಗೆಯ ಕೋಶಗಳು. ಬೀಟಾ ಕೋಶ ಇನ್ಸುಲಿನ್ ಮಾಡುತ್ತದೆ, ಆಲ್ಫಾ ಕೋಶ ಗ್ಲುಕಗಾನ್ ಮಾಡುತ್ತದೆ. ಡೆಲ್ಟಾ ಅನ್ನುವ ಇನ್ನೊಂದು ಇದೆ, ಅದರ ಸೊಮ್ಯಾಟೊಸ್ಟ್ಯಾಟಿನ್ ಇವೆರಡನ್ನೂ ತುಸು ತಡೆದು ಹಿಡಿಯುತ್ತದೆ. ಅದನ್ನು ಇಲ್ಲಿಗೇ ಬಿಡೋಣ.

ಒಂದು ಬೀಟಾ ಕೋಶದ ಒಳಗೆ ಹೋಗಿ ನೋಡುವುದು ಒಳ್ಳೆಯದು, ಯಾಕಂದ್ರೆ ಅರ್ಧ ಔಷಧಗಳ ಗುಟ್ಟು ಅಲ್ಲಿದೆ. ಈ ಕೋಶಕ್ಕೆ ಗ್ಲುಕೋಸ್ ಸಲೀಸಾಗಿ ನುಗ್ಗುತ್ತದೆ. ರಕ್ತದಲ್ಲಿ ಎಷ್ಟು ಜಾಸ್ತಿಯೋ ಒಳಗೂ ಅಷ್ಟು ಜಾಸ್ತಿ. ಒಳಗೆ ಅದು ಉರಿದು ಶಕ್ತಿಯಾಗುತ್ತದೆ. ಆ ಶಕ್ತಿಯ ಮಟ್ಟ ಏರಿದ ಕೂಡಲೇ ಕೋಶದ ಗೋಡೆಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗುವ ದಾರಿ ಮುಚ್ಚಿಕೊಳ್ಳುತ್ತದೆ. ಅದು ಮುಚ್ಚಿದ್ದರಿಂದ ಗೋಡೆಯ ವಿದ್ಯುತ್ ಮಟ್ಟ ಬದಲಾಗುತ್ತದೆ, ಕ್ಯಾಲ್ಸಿಯಂ ಒಳಗೆ ಬರುವ ದಾರಿ ತೆರೆಯುತ್ತದೆ. ಕ್ಯಾಲ್ಸಿಯಂ ಬಂದ ತಕ್ಷಣ, ಮೊದಲೇ ತುಂಬಿಟ್ಟಿದ್ದ ಇನ್ಸುಲಿನ್ ಚೀಲಗಳು ಗೋಡೆಗೆ ಅಂಟಿ ಒಡೆದು ರಕ್ತಕ್ಕೆ ಸುರಿಯುತ್ತವೆ. ಶುಗರ್ ಸುಮಾರು 90 ದಾಟುತ್ತಿದ್ದಂತೆ ಇದು ಜೋರಾಗುತ್ತದೆ. ಮೊದಲ ಹತ್ತು ನಿಮಿಷ ಒಂದು ದೊಡ್ಡ ಅಲೆ, ಆಮೇಲೆ ನಿಧಾನಕ್ಕೆ ಹರಿಯುವ ಎರಡನೇ ಅಲೆ. ಈ ಮೊದಲ ಅಲೆ ಕುಂದುವುದು ಟೈಪ್ 2 ಕಾಯಿಲೆಯಲ್ಲಿ ಬಹಳ ಮುಂಚೆಯೇ ಶುರುವಾಗುವ ತೊಂದರೆ. ಖಾಲಿ ಹೊಟ್ಟೆಯ ರಿಪೋರ್ಟ್ ಇನ್ನೂ ಚೆನ್ನಾಗಿಯೇ ಇರುತ್ತದೆ, ಊಟದ ನಂತರದ್ದು ಮಾತ್ರ ಏರಿರುತ್ತದೆ.

ಕರುಳಿಗೂ ಇದರಲ್ಲಿ ಪಾತ್ರ ಇದೆ. ಅಷ್ಟೇ ಗ್ಲುಕೋಸನ್ನು ಡ್ರಿಪ್‌ನಲ್ಲಿ ಕೊಟ್ಟರೆ ಬರುವ ಇನ್ಸುಲಿನ್‌ಗಿಂತ ಬಾಯಲ್ಲಿ ಕುಡಿದಾಗ ಬರುವುದು ಜಾಸ್ತಿ. ಊಟ ಕರುಳಿಗೆ ಇಳಿದ ಕೂಡಲೇ ಅಲ್ಲಿಂದ ಜಿಎಲ್‌ಪಿ-1, ಜಿಐಪಿ ಎಂಬ ಹಾರ್ಮೋನ್‌ಗಳು ಹೊರಟು ಬೀಟಾ ಕೋಶಗಳಿಗೆ ಮುಂಚಿತವಾಗಿ ಸುದ್ದಿ ಮುಟ್ಟಿಸುತ್ತವೆ.

ಹೊರಬಂದ ಇನ್ಸುಲಿನ್ ನೇರ ಲಿವರಿಗೆ ಹೋಗುತ್ತದೆ. ಸುಮಾರು ಅರ್ಧ ಅಲ್ಲೇ ಖರ್ಚಾಗುತ್ತದೆ. ಇದನ್ನು ಗಮನಿಸಿ: ಇನ್ಸುಲಿನ್ ಮೊದಲು ಹೇಳುವ ಮಾತು "ಅಟ್ಟದಿಂದ ಇಳಿಸುವುದನ್ನು ನಿಲ್ಲಿಸು, ಈಗ ಮೇಲಕ್ಕೆ ಹಾಕು" ಎಂದು. ಆಮೇಲೆ ಅದು ಸ್ನಾಯು ಮತ್ತು ಕೊಬ್ಬಿನ ಕೋಶಗಳಿಗೆ ಹೋಗುತ್ತದೆ. ಅಲ್ಲಿ ಒಳಗೆ ಅಡಗಿ ಕೂತಿರುವ ಗ್ಲುಟ್-4 ಎಂಬ ಪ್ರೋಟೀನುಗಳು ಇನ್ಸುಲಿನ್ ಸಂದೇಶ ಸಿಕ್ಕ ಮೇಲೆ ಗೋಡೆಗೆ ಬಂದು ಗ್ಲುಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಮೆದುಳು ಮಾತ್ರ ಗ್ಲುಕೋಸ್ ಎಳೆದುಕೊಳ್ಳಲು ಇನ್ಸುಲಿನ್ ಅಪ್ಪಣೆಗೆ ಕಾಯುವುದಿಲ್ಲ. ಕೆಲಸ ಮುಗಿದ ಇನ್ಸುಲಿನ್ ಐದಾರು ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಬೀಟಾ ಕೋಶಗಳು ಶುಗರ್ ನೋಡಿಕೊಂಡು ನಿಮಿಷ ನಿಮಿಷಕ್ಕೂ ಡೋಸ್ ಬದಲಿಸಬಲ್ಲವು. ಯಾವ ಇಂಜೆಕ್ಷನ್ನಿಗೂ ಈ ಚುರುಕು ಇನ್ನೂ ಬಂದಿಲ್ಲ.

ಇನ್ನು ಗ್ಲುಕಗಾನ್. ಶುಗರ್ ಇಳಿಯುತ್ತಾ ಬಂದಾಗ ಆಲ್ಫಾ ಕೋಶಗಳು ಇದನ್ನು ಬಿಡುತ್ತವೆ. ಇದೂ ಮೊದಲು ಹೋಗುವುದು ಲಿವರಿಗೇ. ಹೇಳುವುದು ತದ್ವಿರುದ್ಧ: ಗ್ಲೈಕೋಜನ್ ಒಡೆ, ಹೊಸ ಸಕ್ಕರೆ ಮಾಡು, ರಕ್ತಕ್ಕೆ ಬಿಡು. ರಾತ್ರಿಯಿಡೀ ಮೆದುಳಿಗೆ ಊಟ ಸಿಗುವುದು ಇದರ ದಯೆಯಿಂದ. ಹಾಗಾಗಿ ಗ್ಲುಕಗಾನನ್ನು ಖಳನಾಯಕ ಅಂತ ಬರೆಯುವುದು ನನಗೆ ಒಪ್ಪುವುದಿಲ್ಲ. ಮೀನೋ ಮೊಟ್ಟೆಯೋ ಮಾತ್ರ ತಿಂದಾಗ ಏನಾಗುತ್ತದೆ ನೋಡಿ. ಪ್ರೋಟೀನನ್ನು ಕೋಶಗಳಿಗೆ ಸೇರಿಸಲು ಇನ್ಸುಲಿನ್ ಬೇಕು, ಅದು ಬರುತ್ತದೆ. ಆದರೆ ಊಟದಲ್ಲಿ ಸಕ್ಕರೆ ಇಲ್ಲ. ಇನ್ಸುಲಿನ್ ಒಂದೇ ಬಂದಿದ್ದರೆ ಶುಗರ್ ಕುಸಿಯಬೇಕಿತ್ತು. ಗ್ಲುಕಗಾನ್ ಜೊತೆಯಲ್ಲೇ ಏರಿ ಲಿವರಿನಿಂದ ಸಕ್ಕರೆ ಕೊಡಿಸುವುದರಿಂದ ಹಾಗಾಗುವುದಿಲ್ಲ. ಅನ್ನ ಉಂಡಾಗ ಮಾತ್ರ ಬೀಟಾ ಕೋಶ ಪಕ್ಕದ ಆಲ್ಫಾ ಕೋಶವನ್ನು ಸುಮ್ಮನಾಗಿಸುತ್ತದೆ. ಇವೆರಡೂ ಅಕ್ಕಪಕ್ಕ ಇರುವುದರ ಲಾಭ ಇದು.

ಇಷ್ಟು ಮುಖ್ಯವಾದ ಹಾರ್ಮೋನ್ ಜನರ ಬಾಯಿಗೆ ಯಾಕೆ ಬರಲಿಲ್ಲ? ಇತಿಹಾಸದಲ್ಲಿ ಅದು ಕೊಳೆಯಾಗಿ ಬಂತು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಒಂದು ನಾಯಿಯ ಮೇದೋಜೀರಕ ಗ್ರಂಥಿ ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಆ ಗ್ರಂಥಿಯಲ್ಲಿ ಶುಗರ್ ಇಳಿಸುವ ಏನೋ ಇದೆ ಅಂತ ಆಮೇಲೆ ಎಲ್ಲರೂ ಅದರ ಬೆನ್ನು ಹತ್ತಿದರು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಹೊರತೆಗೆದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್. ಅದು ಅಷ್ಟು ಶುದ್ಧವಾಗಿರಲಿಲ್ಲ, ಕೆಲಸವೂ ಸರಿಯಾಗಿ ಆಗಲಿಲ್ಲ. ಕಾಲಿಪ್ ಎಂಬ ರಸಾಯನ ವಿಜ್ಞಾನಿ ಶುದ್ಧ ಮಾಡಿಕೊಟ್ಟದ್ದನ್ನು ಜನವರಿ 23ರಿಂದ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮುಂದಿನ ವರ್ಷವೇ ನೊಬೆಲ್ ಬಂತು. ಅದೇ 1923ರಲ್ಲಿ ಕಿಂಬಲ್ ಮತ್ತು ಮರ್ಲಿನ್ ಎಂಬಿಬ್ಬರು ಒಂದು ವಿಚಿತ್ರವನ್ನು ಬರೆದರು. ಗ್ರಂಥಿಯಿಂದ ತೆಗೆದ ಸಾರದಲ್ಲಿ ಶುಗರ್ ಏರಿಸುವ ಇನ್ನೊಂದು ವಸ್ತುವೂ ಇದೆ ಅಂತ. ಅದಕ್ಕೆ ಗ್ಲುಕಗಾನ್ ಅಂತ ಹೆಸರಿಟ್ಟರು. ಇನ್ಸುಲಿನ್ ಜೀವ ಉಳಿಸುತ್ತಿದ್ದ ಕಾಲದಲ್ಲಿ ಅದರಲ್ಲಿ ಬೆರೆತ ಕಸವನ್ನು ಕೇಳುವವರು ಯಾರು? ಅದರ ಕಡೆ ಗಂಭೀರವಾಗಿ ನೋಡಲು ಎಷ್ಟೋ ದಶಕಗಳೇ ಹಿಡಿದವು. 2011ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ರೋಜರ್ ಅಂಗರ್ ತಂಡ, ಗ್ಲುಕಗಾನ್ ಮಾತು ಲಿವರಿಗೆ ಕೇಳಿಸದಂತೆ ಮಾಡಿದ ಇಲಿಗಳಲ್ಲಿ ಬೀಟಾ ಕೋಶಗಳನ್ನು ನಾಶ ಮಾಡಿದರೂ ಖಾಲಿ ಹೊಟ್ಟೆಯ ಶುಗರ್ ಏರಲಿಲ್ಲ ಅಂತ ತೋರಿಸಿತು. ಇಲಿಯದ್ದನ್ನು ಹಾಗೇ ಮನುಷ್ಯನಿಗೆ ತಂದು ಹಚ್ಚಲು ಬರುವುದಿಲ್ಲ, ನಿಜ. ಆದರೂ ಏರಿದ ಶುಗರ್‌ನಲ್ಲಿ ಲಿವರಿನ ಪಾಲು ಎಷ್ಟು ದೊಡ್ಡದು ಅನ್ನುವುದು ಇದರಲ್ಲಿ ಕಾಣುತ್ತದೆ.

ಈಗ ಕಾಯಿಲೆಗೆ ಬರೋಣ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳ ಮೇಲೆ ಬಿದ್ದು ಅವನ್ನು ನಾಶ ಮಾಡುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಶುರುವಾಗುತ್ತದೆ. ಸಿಹಿ ತಿಂದಿದ್ದಕ್ಕೆ ಬಂತು ಅಂತ ತಾಯಿಯನ್ನು ಬೈಯುವವರು ಇದನ್ನು ತಿಳಿದುಕೊಳ್ಳಬೇಕು. ಅದಕ್ಕೂ ತಿಂಡಿಗೂ ಸಂಬಂಧ ಇಲ್ಲ. ಅವರಿಗೆ ಇನ್ಸುಲಿನ್ ಬೇಕೇ ಬೇಕು.

ನಮ್ಮಲ್ಲಿ ಬಹಳ ಜನರಿಗೆ ಇರುವುದು ಟೈಪ್ 2. ಐಸಿಎಂಆರ್‌ನ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ಇಲ್ಲಿ ಮೊದಲು ಇನ್ಸುಲಿನ್ ಕಡಿಮೆ ಆಗುವುದಿಲ್ಲ, ಅದರ ಮಾತಿಗೆ ಬೆಲೆ ಕಡಿಮೆ ಆಗುತ್ತದೆ. ಲಿವರಿನಲ್ಲಿ, ಸ್ನಾಯುಗಳಲ್ಲಿ ಕೊಬ್ಬು ಸೇರಿಕೊಂಡಾಗ ಇನ್ಸುಲಿನ್ ಸಂದೇಶ ಸರಿಯಾಗಿ ದಾಟುವುದಿಲ್ಲ. ಬೀಟಾ ಕೋಶಗಳು ಜಾಸ್ತಿ ದುಡಿದು ವರ್ಷಗಟ್ಟಲೆ ಸರಿದೂಗಿಸುತ್ತವೆ. ಆಮೇಲೆ ಸೋಲುತ್ತವೆ. ಆಲ್ಫಾ ಕೋಶಗಳಿಗೂ ಇನ್ಸುಲಿನ್ ಹಿಡಿತ ತಪ್ಪುತ್ತದೆ. ಊಟವಾದ ಮೇಲೆ ಇಳಿಯಬೇಕಾದ ಗ್ಲುಕಗಾನ್ ಇಳಿಯುವುದಿಲ್ಲ, ಕೆಲವರಲ್ಲಿ ಏರಿಯೂ ಬಿಡುತ್ತದೆ. ಹೊಟ್ಟೆಯಿಂದ ಸಕ್ಕರೆ ಬರುತ್ತಿರುವಾಗಲೇ ಅಟ್ಟದಿಂದಲೂ ಸಕ್ಕರೆ ಇಳಿಯುತ್ತಿರುತ್ತದೆ.

ರಾತ್ರಿಯೂ ಇದೇ ಕಥೆ. ಬೆಳಗಿನ ಜಾವ ನಮ್ಮನ್ನು ಎಬ್ಬಿಸಲು ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಮುಂತಾದವು ಏರುತ್ತವೆ. ಅವೂ ಲಿವರಿಗೆ ಸಕ್ಕರೆ ಬಿಡು ಅನ್ನುತ್ತವೆ. ಆರೋಗ್ಯವಂತರಲ್ಲಿ ಸ್ವಲ್ಪ ಇನ್ಸುಲಿನ್ ಬಂದು ಅದನ್ನು ಹದಕ್ಕೆ ತರುತ್ತದೆ. ಶುಗರ್ ಇದ್ದವರಲ್ಲಿ ತಡೆಯುವವರಿಲ್ಲ. ಲ್ಯಾಬಿನ 168 ಹೀಗೆ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ, 100ರಿಂದ 125 ಹೊಸ್ತಿಲು, 126 ಮತ್ತು ಮೇಲೆ, ಇನ್ನೊಮ್ಮೆ ನೋಡಿದರೂ ಹಾಗೇ ಇದ್ದರೆ, ಸಕ್ಕರೆ ಕಾಯಿಲೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಯಲ್ಲಿ ಕಾಯಿಲೆಯ ಗೆರೆ ಶೇ. 6.5. ರಕ್ತದಲ್ಲಿ ಸುಮಾರು 180 ದಾಟಿದರೆ ಕಿಡ್ನಿಗೆ ತಡೆಯಲಾಗದೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ. ಹಿಂದಿನವರು ಉಚ್ಚೆಗೆ ಇರುವೆ ಮುತ್ತುವುದನ್ನು ನೋಡಿ ಕಾಯಿಲೆ ಹಿಡಿಯುತ್ತಿದ್ದರು. ಇರುವೆ ಬರುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ, ಅದನ್ನು ನಂಬಿ ಕೂರಬೇಡಿ.

ಸಣಕಲು ಮೈ, ತೋಟದಲ್ಲಿ ಓಡಾಟ, ನಮಗೆಲ್ಲಿ ಬರುತ್ತೆ ಅನ್ನುವವರೂ ಇದ್ದಾರೆ. ಭಾರತೀಯರಲ್ಲಿ ಕೈಕಾಲು ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ನಮ್ಮವರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. ತೂಕದ ಮಿಷನ್‌ಗಿಂತ ಟೇಪು ಮೇಲು.

ಔಷಧಗಳು ಎಲ್ಲಿ ಕೈ ಹಾಕುತ್ತವೆ ಅನ್ನುವುದು ಈಗ ಸುಲಭವಾಗಿ ಅರ್ಥವಾಗುತ್ತದೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ಸಕ್ಕರೆ ತಯಾರಿಸುವುದನ್ನು ತಗ್ಗಿಸುತ್ತದೆ. "ನಾನು ಸಿಹಿಯೇ ತಿನ್ನಲ್ಲ, ಮಾತ್ರೆ ಯಾಕೆ" ಅನ್ನುವವರಿಗೆ ಉತ್ತರ ಇದರಲ್ಲೇ ಇದೆ. ಗ್ಲಿಮಿಪಿರೈಡ್ ಜಾತಿಯವು ಬೀಟಾ ಕೋಶದ ಆ ಪೊಟ್ಯಾಸಿಯಂ ದಾರಿಯನ್ನು ತಾವೇ ಮುಚ್ಚಿ ಇನ್ಸುಲಿನ್ ಬಿಡಿಸುತ್ತವೆ. ಶುಗರ್ ಕಡಿಮೆ ಇದ್ದರೂ ಬಿಡಿಸುತ್ತವೆ, ತೊಂದರೆ ಅಲ್ಲೇ. ಗ್ಲಿಪ್ಟಿನ್‌ಗಳು ಕರುಳಿನ ಜಿಎಲ್‌ಪಿ-1 ಬೇಗ ಒಡೆಯದಂತೆ ಕಾಯುತ್ತವೆ. ಈಗ ಎಲ್ಲರ ಬಾಯಲ್ಲಿರುವ ಸೆಮಗ್ಲುಟೈಡ್ ಆ ಜಿಎಲ್‌ಪಿ-1ನ್ನೇ ಹೋಲುತ್ತದೆ: ಇನ್ಸುಲಿನ್ ಏರಿಸುತ್ತದೆ, ಗ್ಲುಕಗಾನ್ ಇಳಿಸುತ್ತದೆ, ಹಸಿವನ್ನೂ ತಗ್ಗಿಸುತ್ತದೆ. ಡಾಪಾಗ್ಲಿಫ್ಲೋಜಿನ್ ಥರದವು ಕಿಡ್ನಿಯ ಮೂಲಕ ಸಕ್ಕರೆಯನ್ನು ಹೊರಗೆ ಕಳಿಸುತ್ತವೆ.

ಇನ್ನು ಹಿತ್ತಲಿನ ಇನ್ಸುಲಿನ್ ಗಿಡ. ಸಾಗರದಿಂದ ಶೃಂಗೇರಿವರೆಗೆ ಎಷ್ಟು ಮನೆಗಳಲ್ಲಿ ಇದೆಯೋ! ಬೆಳಗ್ಗೆ ಎದ್ದು ಒಂದೆಲೆ ಜಗಿಯುತ್ತಾರೆ. ಎಲೆಯೊಳಗೆ ಇನ್ಸುಲಿನ್ನೇ ಇದೆ ಅಂತ ವಾದಕ್ಕೆ ಒಪ್ಪೋಣ. ಇನ್ಸುಲಿನ್ 51 ಅಮೈನೋ ಆಮ್ಲಗಳ ಪ್ರೋಟೀನ್. ಹೊಟ್ಟೆಗೆ ಹೋದರೆ ಬೇಳೆಯ ಪ್ರೋಟೀನ್ ಥರವೇ ಜೀರ್ಣವಾಗುತ್ತದೆ. ಇನ್ಸುಲಿನ್ನನ್ನು ಚುಚ್ಚಿಕೊಳ್ಳಬೇಕಾಗಿರುವುದು ಇದೇ ಕಾರಣಕ್ಕೆ. ಎಲೆ ತಿನ್ನುವುದು ನಿಮ್ಮಿಷ್ಟ, ಅದನ್ನು ನಂಬಿ ಇಂಜೆಕ್ಷನ್ ಬಿಡಬೇಡಿ. ಜೋನಿ ಬೆಲ್ಲದ ವಿಷಯವೂ ಹಾಗೇ. ಸಕ್ಕರೆ ಅಲ್ಲ, ಬೆಲ್ಲ ತಾನೇ ಅಂತ ದೋಸೆಗೆ ಸುರಿದುಕೊಂಡರೆ ಬೀಟಾ ಕೋಶಕ್ಕೆ ಅದರ ವ್ಯತ್ಯಾಸ ತಿಳಿಯುವುದಿಲ್ಲ. ಅದರಲ್ಲಿ ಇರುವುದೂ ಬಹುಪಾಲು ಅದೇ ಸಕ್ಕರೆ.

ನಡಿಗೆ ಮಾತ್ರ ನಿಜಕ್ಕೂ ಕೆಲಸ ಮಾಡುತ್ತದೆ, ಕಾರಣವೂ ಚೆಂದ ಇದೆ. ಸ್ನಾಯು ದುಡಿಯುವಾಗ ಗ್ಲುಟ್-4 ಇನ್ಸುಲಿನ್ ಸಂದೇಶ ಇಲ್ಲದೆಯೂ ಗೋಡೆಗೆ ಬರುತ್ತದೆ. ಊಟವಾದ ಮೇಲೆ ತೋಟಕ್ಕೆ ಒಂದು ಸುತ್ತು ಹೋಗಿಬಂದರೆ ಆ ಹೊತ್ತಿನ ಗ್ಲುಕೋಸ್ ಕಾಲಿನ ಸ್ನಾಯುಗಳಿಗೆ ಸೇರಿಕೊಳ್ಳುತ್ತದೆ.

ಇದೇ ಸಂಗತಿ ಅಪಾಯವೂ ಆಗಬಹುದು. ಅಡಿಕೆ ಕೊಯ್ಲಿನ ದಿನ ಗ್ಲಿಮಿಪಿರೈಡ್ ನುಂಗಿ, ತಿಂಡಿ ಬಿಟ್ಟು, ಮರ ಹತ್ತಿದರೆ? ಮಾತ್ರೆ ಇನ್ಸುಲಿನ್ ಬಿಡಿಸುತ್ತದೆ, ಸ್ನಾಯು ಗ್ಲುಕೋಸ್ ಎಳೆಯುತ್ತದೆ, ಹೊಟ್ಟೆಯಿಂದ ಏನೂ ಬರುತ್ತಿಲ್ಲ. ಶುಗರ್ 70ರ ಕೆಳಗೆ ಇಳಿದರೆ ಬೆವರು, ನಡುಕ, ಎದೆ ಬಡಿತ, ಕಣ್ಣು ಮಂಜು. ನೆಲದ ಮೇಲಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬಹುದು. ಮರದ ತುದಿಯಲ್ಲಿ ಏನು ಮಾಡುತ್ತೀರಿ? ಸಂಜೆ ಖಾಲಿ ಹೊಟ್ಟೆಯಲ್ಲಿ ಕುಡಿಯುವವರಿಗೂ ಇದೇ ಎಚ್ಚರಿಕೆ. ಲಿವರ್ ಆಲ್ಕೋಹಾಲ್ ಕರಗಿಸುವುದರಲ್ಲಿ ಮುಳುಗಿದರೆ ಹೊಸ ಸಕ್ಕರೆ ಮಾಡಲಾರದು. ಗ್ಲುಕಗಾನ್ ಎಷ್ಟು ಕೂಗಿದರೂ ನಡುರಾತ್ರಿ ಅಟ್ಟ ಖಾಲಿ. ವರ್ಷಗಟ್ಟಲೆ ಕುಡಿದು ಮೇದೋಜೀರಕ ಗ್ರಂಥಿಯೇ ಹಾಳಾದವರಲ್ಲಿ ಬೀಟಾ, ಆಲ್ಫಾ ಎರಡೂ ಹೋಗಿರುತ್ತವೆ. ಅವರ ಶುಗರ್ ಏರುವುದೂ ಬೇಗ, ಕುಸಿಯುವುದೂ ಬೇಗ.

ಮಳೆಗಾಲದ ಜ್ವರದಲ್ಲಿ ಇನ್ನೊಂದು ತಪ್ಪು ಬಹಳ ನಡೆಯುತ್ತದೆ. "ಗಂಜಿಯೂ ಸೇರುತ್ತಿಲ್ಲ, ಇಂಜೆಕ್ಷನ್ ಯಾಕೆ" ಅಂತ ಇನ್ಸುಲಿನ್ ನಿಲ್ಲಿಸಿಬಿಡುತ್ತಾರೆ. ಜ್ವರ ಬಂದಾಗ ಕಾರ್ಟಿಸಾಲ್, ಅಡ್ರಿನಲಿನ್ ಏರುತ್ತವೆ, ಲಿವರ್ ಇನ್ನೂ ಜಾಸ್ತಿ ಸಕ್ಕರೆ ಸುರಿಯುತ್ತದೆ. ಟೈಪ್ 1 ಇದ್ದವರಲ್ಲಿ ಇನ್ಸುಲಿನ್ ಪೂರ್ತಿ ನಿಂತರೆ ಕೊಬ್ಬು ಕರಗಿ ಕೀಟೋನ್‌ಗಳು ತುಂಬಿ ರಕ್ತ ಆಮ್ಲೀಯವಾಗುತ್ತದೆ. ಹಾಗಾಗಿ ಊಟ ಸೇರದಿದ್ದರೂ ಇನ್ಸುಲಿನ್ ಪೂರ್ತಿ ಬಿಡುವ ಹಾಗಿಲ್ಲ. ಕೆಲವು ಮಾತ್ರೆಗಳನ್ನು ವಾಂತಿಭೇದಿ ಇದ್ದಾಗ ನಿಲ್ಲಿಸಬೇಕಾಗುತ್ತದೆ. ಯಾವುದು, ಎಷ್ಟು ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಮೂರು ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ, ನೀರು ಕುಡಿಸುತ್ತಾ ಇರಿ. ವಾಂತಿ ನಿಲ್ಲದೆ, ಹೊಟ್ಟೆ ನೋವು ಬಂದು, ಉಸಿರು ಜೋರಾಗಿ ಹಣ್ಣಿನ ವಾಸನೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯಿರಿ.